ಹಿಂದಿನ ಸೀಟಿನ ಮೂರನೆಯ ತಲೆ

ನನ್ನ ಮಾವನವರು ಮನುಷ್ಯರು ಎಂಬುದನ್ನು ಒಂದು ಕಚೇರಿಯಲ್ಲಿ ಸಾಬೀತು ಮಾಡಬೇಕಾದ ಪ್ರಸಂಗ ಬರುತ್ತದೆಂದು ಮದುವೆಯ ದಿನ ನಾನು ಅಂದುಕೊಂಡಿರಲಿಲ್ಲ. ಅಳಿಯನಾದವನಿಗೆ ಹಲವು ಜವಾಬ್ದಾರಿಗಳು ಬರುತ್ತವೆಂದು ಹಿರಿಯರು ಹೇಳಿದ್ದರು. ಇದೂ ಅವುಗಳಲ್ಲೊಂದು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಹೆದ್ದಾರಿ. ನಾವಿರುವ ಬಡಾವಣೆಯಿಂದ ಪೇಟೆಗೆ ಹೋಗಲು ಇರುವುದು ಅದೊಂದೇ. ಬೆಳಗಾದರೆ ಬಡಾವಣೆಯ ಜನವೆಲ್ಲ ಅದರ ಮೇಲೆ ಹೋಗಿ ನಿಲ್ಲುತ್ತೇವೆ. ಹೋಗುತ್ತೇವೆ ಎನ್ನುವುದು ಅಭ್ಯಾಸಬಲದ ಮಾತು; ನಿಲ್ಲುತ್ತೇವೆ ಎನ್ನುವುದೇ ಸರಿ. ಅಲ್ಲಿ ಗಂಡಸರು ಗಡ್ಡ ಬೋಳಿಸಿಕೊಳ್ಳುತ್ತಾರೆ, ಮಕ್ಕಳು ಹೋಂವರ್ಕ್ ಮುಗಿಸುತ್ತಾರೆ, ಗಂಡ ಹೆಂಡಿರು ಜಗಳ ಆರಂಭಿಸಿ, ಮುಗಿಸಿ, ರಾಜಿಯೂ ಆಗುತ್ತಾರೆ. ನಮ್ಮ ಮುಂದೆ ಸದಾ ನಿಲ್ಲುವ ಬೂದು ಕಾರಿನವರ ಮುಖವನ್ನು ನಾವು ಕಂಡವರಲ್ಲ, ಆದರೆ ಅವರ ಕತ್ತು ನಮಗೆ ನೆಂಟರ ಕತ್ತಿನಷ್ಟು ಪರಿಚಯ. ಒಮ್ಮೆ ಅವರು ಕ್ಷೌರ ಮಾಡಿಸಿಕೊಂಡು ಬಂದಾಗ ನನ್ನ ಹೆಂಡತಿ, "ಕಿವಿ ಪಕ್ಕ ಜಾಸ್ತಿ ತೆಗೆದುಬಿಟ್ಟಿದ್ದಾರೆ" ಎಂದು ಮರುಗಿದ್ದಳು.

ಈ ರಸ್ತೆಯ ನಡುವೆ ಎರಡು ಹೊಸ ಎಕ್ಸ್‌ಪ್ರೆಸ್ ಲೇನ್ ಹಾಕುತ್ತೇವೆಂದು ಹೆದ್ದಾರಿ ಇಲಾಖೆಯವರು ಹೊರಟರು. ಟೋಲ್ ಕೊಟ್ಟವರು ಅದರಲ್ಲಿ ಹಾರಿ ಹೋಗಬಹುದು, ಕೊಡದವರು ಪಕ್ಕದಲ್ಲಿ ನಿಂತು ನೋಡಬಹುದು. ಹಳೆಯ ಲೇನಿನಲ್ಲಿ ದಟ್ಟಣೆ ಹೆಚ್ಚಾದಷ್ಟೂ ಹೊಸ ಲೇನಿನ ದರ ಏರುತ್ತದೆ. ಅಂದರೆ ಸಂಕಟ ಎಷ್ಟು ಜೋರಾಗಿದೆಯೋ ಬಿಡುಗಡೆಯೂ ಅಷ್ಟೇ ದುಬಾರಿ. ಒಂದು ರಿಯಾಯಿತಿ ಇತ್ತು: ಕಾರಿನಲ್ಲಿ ಮೂರು ತಲೆಗಳಿದ್ದರೆ ಟೋಲ್ ಇಲ್ಲ.

ಜನರ ಅಭಿಪ್ರಾಯ ಕೇಳಲು ಬಡಾವಣೆಯ ಸಭಾಭವನದಲ್ಲಿ ಒಂದು ಸಭೆ ನಡೆಯಿತು. ನನ್ನ ಮಾವನವರು ಲೇನ್ ವಿರೋಧಿ ಸಮಿತಿಯ ಅಧ್ಯಕ್ಷರು. ನಮ್ಮ ಜೊತೆಯಲ್ಲೇ ಇರುವ ಅವರು ನಿವೃತ್ತ ಗ್ರಂಥಪಾಲಕರು; ಬದುಕಿಡೀ ಬೇರೆಯವರನ್ನು ಸುಮ್ಮನಿರಿಸಿದವರು. ಅಂಥವರು ತಾವೇ ಎದ್ದು ಮಾತಾಡುವುದೆಂದರೆ ಸಣ್ಣ ಸಂಗತಿಯಲ್ಲ. ಒಂದು ವಾರ ಕನ್ನಡಿಯ ಮುಂದೆ ತಯಾರಾಗಿದ್ದರು. ರಸ್ತೆ ಎಲ್ಲರದು, ಅದರಲ್ಲಿ ಮುಂದಿನ ಸಾಲು ಹಿಂದಿನ ಸಾಲು ಎಂದು ಮಾಡಲು ಅದೇನು ನಾಟಕದ ಮಂದಿರವೇ ಎಂದು ಅವರು ಶುರು ಮಾಡಿದ್ದು ನನಗೆ ನೆನಪಿದೆ. ಆಮೇಲಿನದು ನೆನಪಿಲ್ಲ, ಏಕೆಂದರೆ ನನಗೆ ನಿದ್ದೆ ಬಂದಿತ್ತು. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ದಿನವಿಡೀ ಯಂತ್ರದ ಮುಂದೆ ನಿಂತು ಬಂದವನಿಗೆ ಮೆತ್ತೆಯ ಕುರ್ಚಿ ಕೊಟ್ಟಿದ್ದು ಇಲಾಖೆಯ ತಪ್ಪು.

ನಾನು ಸದ್ದಿಗೆ ಏಳುವವನಲ್ಲ, ಸದ್ದು ನಿಂತರೆ ಏಳುವವನು. ಮಾವನವರ ಭಾಷಣ ಮುಗಿದು, ಇಲಾಖೆಯ ಎಂಜಿನಿಯರ್ ಎದ್ದು ನಿಂತು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ, ಆದ್ದರಿಂದ ಈ ಲೇನುಗಳನ್ನು ಹಾಕಿಯೇ ತೀರುತ್ತೇವೆ ಎಂದು ಮುಗಿಸಿದಾಗ ಸಭೆ ಸಿಟ್ಟಿನಿಂದ ಮೌನವಾಯಿತಂತೆ. ಆ ಮೌನಕ್ಕೆ ನನಗೆ ಎಚ್ಚರವಾಯಿತು. ಮಾವ ಆಗತಾನೆ ಮಾತು ಮುಗಿಸಿರಬೇಕು, ಪಾಪ, ಒಬ್ಬರೂ ಚಪ್ಪಾಳೆ ತಟ್ಟುತ್ತಿಲ್ಲ ಎಂದುಕೊಂಡೆ. ಅಳಿಯನ ಕರ್ತವ್ಯ ನೆನಪಾಗಿ ಎರಡೂ ಕೈ ಎತ್ತಿ ಜೋರಾಗಿ ತಟ್ಟಿದೆ. ಸಭಾಭವನದಲ್ಲಿ ನನ್ನದೊಂದೇ ಚಪ್ಪಾಳೆ. ವೇದಿಕೆಯ ಮೇಲಿಂದ ಎಂಜಿನಿಯರ್ ನನ್ನನ್ನು ಕೃತಜ್ಞತೆಯಿಂದ ನೋಡಿದರು. ಮೂರನೇ ಸಾಲಿನಿಂದ ಮಾವ ತಿರುಗಿ ನೋಡಿದರು. ಅದು ಬೇರೆ ಥರದ ನೋಟ.

ಅಂದಿನಿಂದ ಅವರು ನನ್ನ ಜೊತೆ ಮಾತು ಬಿಟ್ಟರು.

ನಿಜ ಹೇಳಿಬಿಡೋಣ ಎಂದು ಹೊರಟವನನ್ನು ನನ್ನ ಹೆಂಡತಿಯೇ ತಡೆದಳು. "ಚಪ್ಪಾಳೆ ಹೊಡೆದಿದ್ದನ್ನ ಅಪ್ಪ ಎಂದಾದ್ರೂ ಕ್ಷಮಿಸ್ತಾರೆ ಕಣ್ರೀ, ಅವರ ಭಾಷಣಕ್ಕೆ ನಿದ್ದೆ ಮಾಡಿದ್ರಿ ಅಂದ್ರೆ ಕ್ಷಮಿಸಲ್ಲ" ಎಂದಳು. ಹೀಗಾಗಿ ನಮ್ಮ ಮನೆಯಲ್ಲಿ ಮಾತೆಲ್ಲ ಅವಳ ಮೂಲಕವೇ ಸಾಗತೊಡಗಿತು. ನಾನು ನಲ್ಲಿಯ ಪಕ್ಕದಲ್ಲೇ ನಿಂತಿದ್ದರೂ ಮಾವ ಅಡುಗೆಮನೆಗೆ ಹೋಗಿ, ನಲ್ಲಿ ಸೋರುತ್ತಿದೆಯೆಂದು ನಿನ್ನ ಗಂಡನಿಗೆ ಹೇಳು ಎಂದು ಅವಳಿಗೆ ಹೇಳುವರು. ಅವಳು ಬಂದು ನನಗೆ ಹೇಳುವಳು. ನಾನು ನಲ್ಲಿ ತಿರುಗಿಸಿ, ನಿಂತಿತೆಂದು ಹೇಳು ಎನ್ನುವೆ. ಅವಳು ಅಷ್ಟು ದೂರ ಮತ್ತೆ ನಡೆಯುವಳು. ಮೌನವ್ರತ ನಿಮ್ಮಿಬ್ಬರದು, ದಣಿವು ನನ್ನದು ಎಂದು ಒಮ್ಮೆ ಗೊಣಗಿದಳು. ಅದನ್ನು ಯಾರಿಗೆ ತಲುಪಿಸಬೇಕೆಂದು ಮಾತ್ರ ಅವಳು ಹೇಳಲಿಲ್ಲ.

ಲೇನುಗಳು ಬಂದವು. ಹಳೆಯ ರಸ್ತೆ ಇನ್ನಷ್ಟು ಸೊರಗಿತು. ನನ್ನ ಅಂಗಡಿ ತಡವಾಗಿಯೇ ಬಾಗಿಲು ತೆಗೆಯುತ್ತಿದ್ದುದರಿಂದ ನನಗೇನೂ ತೊಂದರೆಯಿರಲಿಲ್ಲ. ನನ್ನ ಹೆಂಡತಿಯ ಕಥೆ ಹಾಗಲ್ಲ. ಅವಳು ಒಂದು ಲ್ಯಾಬ್‌ನಲ್ಲಿ ರಕ್ತ ತೆಗೆಯುವವಳು. ಅಲ್ಲಿಗೆ ಬೆಳಗ್ಗೆ ಬರುವವರೆಲ್ಲ ಏನೂ ತಿನ್ನದೆ ಬರುವವರು. ಅವಳು ಬರುವುದು ತಡವಾದಷ್ಟೂ ಆ ಹಸಿದ ಜನ ಬೆಂಚಿನ ಮೇಲೆ ಕೂತು ಬಾಗಿಲು ನೋಡುತ್ತ ಬಿಸಿಯಾಗುತ್ತಾರೆ. ಒಬ್ಬರು ತಲೆ ಸುತ್ತಿ ಬಿದ್ದರು. ಇನ್ನೊಬ್ಬರು ಅವಳ ಊಟದ ಡಬ್ಬಿ ಕಸಿದುಕೊಳ್ಳಲು ಬಂದರಂತೆ. ಇನ್ನು ತಡವಾದರೆ ಬರುವುದೇ ಬೇಡ ಎಂದು ಮೇಲ್ವಿಚಾರಕಿ ಖಡಾಖಂಡಿತವಾಗಿ ಹೇಳಿಬಿಟ್ಟರು. ಆ ಸಂಬಳದ ಮೇಲೆಯೇ ನಮ್ಮ ಮನೆ ನಿಂತಿತ್ತು. ನನ್ನ ಗಾಜು ಉಜ್ಜುವಿಕೆ ಅದಕ್ಕೆ ಒತ್ತಾಸೆ ಮಾತ್ರ.

ದಿನವೂ ಟೋಲ್ ಕೊಟ್ಟು ಹೋದರೆ ದುಡಿದದ್ದೆಲ್ಲ ರಸ್ತೆಗೇ ಸರಿ. ಅವಳು ತಲೆ ಎಣಿಸಿದಳು. ಕಾರಿನಲ್ಲಿ ಎರಡಿದ್ದವು. ಮೂರನೆಯದು ಒಳಕೋಣೆಯಲ್ಲಿ ಪತ್ರಿಕೆ ಓದುತ್ತಿತ್ತು.

ಊಟದ ಹೊತ್ತಿನಲ್ಲಿ ಅವಳು ವಿಷಯ ತೆಗೆದಳು. ಮಾವ ಅನ್ನ ಕಲಸುವುದನ್ನು ನಿಲ್ಲಿಸಿದರು, ಆಮೇಲೆ ಮತ್ತೆ ಕಲಸಿದರು. ಬೇಡ ಎನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. ಮರುದಿನ ಬೆಳಗ್ಗೆ ನಾನು ಹೊರಗೆ ಬಂದಾಗ ಅವರು ಕಾರಿನ ಪಕ್ಕ ನಿಂತಿದ್ದರು. ಕಿವಿ ಮುಚ್ಚುವ ಟೋಪಿ, ಮೂಗಿನವರೆಗೆ ಮಫ್ಲರ್. ಷರತ್ತುಗಳು ಮಗಳ ಮೂಲಕ ಬಂದವು. ತಾವು ಆ ಲೇನಿನಲ್ಲಿ ಹೋಗುವುದು ಯಾರಿಗೂ ತಿಳಿಯಕೂಡದು. ಪಕ್ಕದ ಲೇನಿನಲ್ಲಿ ಸಮಿತಿಯವರೇ ನಿಂತಿರುತ್ತಾರೆ, ಆದ್ದರಿಂದ ಕಪ್ಪು ಕನ್ನಡಕ ಬೇಕು. ಅದನ್ನು ನಾನೇ ಅಂಗಡಿಯಿಂದ ತಂದೆ, ಕಣ್ಣಿನ ಆಪರೇಷನ್ ಆದವರಿಗೆ ಕೊಡುವ, ಅರ್ಧ ಮುಖ ಮುಚ್ಚುವ ಕನ್ನಡಕ.

ಅಲ್ಲಿಂದ ನಮ್ಮ ಪ್ರಯಾಣದ ಕ್ರಮ ನಿಗದಿಯಾಯಿತು. ಹೆಂಡತಿ ಮುಂದಿನ ಸೀಟಿನಲ್ಲಿ ಕೂತ ಕೂಡಲೇ ನಿದ್ದೆ ಹೋಗುವಳು. ಅದು ಅವಳ ತಂದೆಯಿಂದ ಬಂದ ಗುಣವಲ್ಲ, ನನ್ನ ಸಹವಾಸದಿಂದ ಬಂದದ್ದು. ಅವಳು ಮಲಗಿದರೆ ನಮ್ಮಿಬ್ಬರ ನಡುವೆ ಮಾತು ಒಯ್ಯುವವರು ಇಲ್ಲ. ಮಾವ ಹಿಂದಿನ ಸೀಟಿನ ನಟ್ಟನಡುವೆ, ಕೈಗಳನ್ನು ತೊಡೆಯ ಮೇಲಿಟ್ಟು, ನೇರವಾಗಿ ಮುಂದೆ ನೋಡುತ್ತ ಕೂರುವರು. ಅತ್ತಿತ್ತ ನೋಡಿದರೆ ಯಾರಾದರೂ ಗುರುತು ಹಿಡಿದಾರು ಎಂಬ ಭಯ. ಎಡಗಡೆ ಅವರದೇ ಸಮಿತಿಯ ಕಾರ್ಯದರ್ಶಿ, ಖಜಾಂಚಿ ಎಲ್ಲರೂ ತಂತಮ್ಮ ಕಾರುಗಳಲ್ಲಿ ಬೆವರುತ್ತಿರುವಾಗ ಅಧ್ಯಕ್ಷರು ಗಾಳಿಯಂತೆ ದಾಟಿ ಹೋಗುತ್ತಿದ್ದರು. ಪೇಟೆಯಲ್ಲಿ ಮಗಳನ್ನು ಇಳಿಸಿದ ಮೇಲೆ ತಾವೂ ಇಳಿದು, ಎದುರು ದಿಕ್ಕಿನ ಖಾಲಿ ಬಸ್ಸು ಹತ್ತಿ ಮನೆಗೆ ಮರಳುತ್ತಿದ್ದರು.

ಲ್ಯಾಬಿನ ಹಸಿದವರು ಸಮಾಧಾನಗೊಂಡರು. ಮೇಲ್ವಿಚಾರಕಿ ಒಂದು ಸಲ ನಕ್ಕರೆಂದೂ ಸುದ್ದಿ ಬಂತು. ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ನೋಟಿಸು ಬಂತು.

ನಾವು ಟೋಲ್ ತಪ್ಪಿಸಲು ಕಾರಿನಲ್ಲಿ ಮನುಷ್ಯನನ್ನು ಹೋಲುವ ಗೊಂಬೆಯನ್ನು ಕೂರಿಸಿಕೊಂಡು ಓಡಾಡುತ್ತಿದ್ದೇವೆ ಎಂಬುದು ಅದರ ಸಾರಾಂಶ. ವಿಚಾರಣೆ ಮುಗಿಯುವವರೆಗೆ ಉಚಿತ ಪ್ರಯಾಣ ರದ್ದು. ಜೊತೆಗೆ ಕ್ಯಾಮೆರಾ ತೆಗೆದ ಚಿತ್ರ. ಅದರಲ್ಲಿ ನಾನು ಆಕಳಿಸುತ್ತಿದ್ದೆ, ಹೆಂಡತಿ ಬಾಯಿ ತೆರೆದು ಮಲಗಿದ್ದಳು, ನಮ್ಮ ಹಿಂದೆ ಕಂಬದಂತೆ ಒಂದು ಆಕೃತಿ. ಈ ಮೂವರಲ್ಲಿ ಗೊಂಬೆ ಯಾವುದು ಎಂದು ಕೇಳಿದ್ದರೆ ನಾನೂ ಅವರನ್ನೇ ತೋರಿಸುತ್ತಿದ್ದೆ.

"ಇದು ಅಪ್ಪನ ಕಣ್ಣಿಗೆ ಬೀಳಬಾರದು" ಎಂದು ಹೆಂಡತಿ ಅದನ್ನು ನಾಲ್ಕು ಮಡಿಕೆ ಮಾಡಿ ನನ್ನ ಜೇಬಿಗೆ ತುರುಕಿದಳು. ಮೇಲ್ವಿಚಾರಕಿಯ ಬಳಿ ಒಂದು ವಾರದ ವಿನಾಯಿತಿ ಬೇಡಿಕೊಂಡಳು. ಅಷ್ಟರೊಳಗೆ ಇದನ್ನು ಮುಗಿಸಿಕೊಂಡು ಬನ್ನಿ ಎಂದು ನನ್ನನ್ನು ಅಟ್ಟಿದಳು.

ಇಲಾಖೆಯವರು ಮೇಲ್ಸೇತುವೆಯ ಕೆಳಗೆ ಒಂದು ತಗಡಿನ ಕೋಣೆ ಹಾಕಿಕೊಂಡಿದ್ದರು. ಮೇಲೆ ಲಾರಿ ಹೋದಾಗಲೆಲ್ಲ ಮೇಜಿನ ಮೇಲಿನ ಚಹಾ ಲೋಟ ಒಂದು ಬೆರಳಿನಷ್ಟು ಸರಿಯುತ್ತಿತ್ತು; ಅದು ಅಂಚಿಗೆ ಬಂದಾಗ ಅಧಿಕಾರಿ ನೋಡದೆಯೇ ಅದನ್ನು ನಡುವಿಗೆ ತಳ್ಳುತ್ತಿದ್ದರು. ಅವರು ತಲೆಯೆತ್ತಿದಾಗ ಗುರುತು ಸಿಕ್ಕಿತು. ಸಭೆಯಲ್ಲಿ ಚಿತ್ರ ತೋರಿಸಿದ್ದ ಎಂಜಿನಿಯರ್ ಅವರೇ. ಲೇನು ಹಾಕಿದ ಮೇಲೆ ಜನರ ದೂರು ಕೇಳುವ ಕೆಲಸಕ್ಕೆ ಅವರನ್ನು ಇಲ್ಲಿ ಕೂರಿಸಿದ್ದರಂತೆ. ಮನುಷ್ಯ ಬಾಡಿ ಹೋಗಿದ್ದರು.

"ನೀವಲ್ವಾ ಅವತ್ತು ಚಪ್ಪಾಳೆ ತಟ್ಟಿದ್ದು" ಎಂದು ಎದ್ದು ನಿಂತು ನನ್ನ ಕೈ ಹಿಡಿದುಕೊಂಡರು. ಈ ಯೋಜನೆಗೆ ಇಂದಿನವರೆಗೆ ಸಿಕ್ಕ ಚಪ್ಪಾಳೆ ಅದೊಂದೇ ಎಂದರು. ಅದನ್ನು ಮನೆಯವರಿಗೂ ಹೇಳಿದ್ದರಂತೆ.

ಆಮೇಲೆ ಅವರು ಕ್ಯಾಮೆರಾದ ಚಿತ್ರಗಳನ್ನು ಒಂದರ ಹಿಂದೆ ಒಂದು ತೋರಿಸಿದರು. ಬೇರೆ ಬೇರೆ ದಿನ, ನನ್ನ ಬೇರೆ ಬೇರೆ ಅಂಗಿ, ಹಿಂದಿನ ಆಕೃತಿ ಮಾತ್ರ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಮನುಷ್ಯ ಅಂದ ಮೇಲೆ ಮೂಗು ಕೆರೆದುಕೊಳ್ಳಬೇಕು, ಕಿಟಕಿ ನೋಡಬೇಕು, ಒಂದು ದಿನವಾದರೂ ತೂಕಡಿಸಬೇಕು ಎಂದು ಅವರ ವಾದ. ಅದು ನನ್ನ ಮಾವ ಎಂದೆ. ಅವರು ನಿಮ್ಮೊಡನೆ ಕಾರಿನಲ್ಲಿ ಏನಾದರೂ ಮಾತಾಡಿದ್ದುಂಟೇ ಎಂದು ಕೇಳಿದರು. ಇಲ್ಲ ಎಂದೆ. ಮನೆಯಲ್ಲಿ? ಅಲ್ಲೂ ಇಲ್ಲ. ಎಷ್ಟು ಕಾಲದಿಂದ? ನೀವು ಸಭೆ ಮಾಡಿದಾಗಿನಿಂದ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ಕನಿಕರದಿಂದ ನೋಡಿದರು.

ಮಾವನವರನ್ನು ಕರೆತರುತ್ತೇನೆ ಎಂದೆ. ಅದರಿಂದಷ್ಟೇ ಪ್ರಯೋಜನವಿಲ್ಲ ಎಂದರು. ಹಿಂದೊಬ್ಬರು ಗೊಂಬೆಯ ಬದಲಿಗೆ ಪಕ್ಕದ ಮನೆಯವರಿಗೆ ಮಫ್ಲರ್ ಸುತ್ತಿ ತಂದು ನಿಲ್ಲಿಸಿದ್ದರಂತೆ. ಚಿತ್ರದಲ್ಲಿ ಇರುವುದು ತಾನೇ, ಆ ಲೇನಿನಲ್ಲಿ ಪ್ರಯಾಣ ಮಾಡಿದ್ದು ತಾನೇ ಎಂದು ಅವರ ಬಾಯಿಂದಲೇ ಬರಬೇಕು, ಅದನ್ನು ದಾಖಲಿಸಬೇಕು. ಅಕ್ಕಪಕ್ಕದವರನ್ನೂ ವಿಚಾರಿಸುವುದಾಗಿ ಹೇಳಿ ಲೋಟವನ್ನು ನಡುವಿಗೆ ತಳ್ಳಿದರು.

ಇಲಾಖೆಯಿಂದ ವಿಚಾರಿಸಲು ಬಂದಾಕೆ ಪಕ್ಕದ ಮನೆಯ ದರ್ಜಿಯ ಬಳಿ ಹೋದಳು. ನಮ್ಮ ದುರದೃಷ್ಟಕ್ಕೆ ಅವನು ಸುಳ್ಳು ಹೇಳದ ಮನುಷ್ಯ. ಆ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಆಕೃತಿ ಇರುವುದು ನಿಜ, ಅದು ಅಲ್ಲಾಡಿದ್ದನ್ನು ತಾನು ಕಂಡಿಲ್ಲ, ಹತ್ತಿಸುವುದನ್ನೂ ನೋಡಿಲ್ಲ ಎಂದು ಹೇಳಿದ. ಹೇಳಿದ ಮೇಲೆ ಅವನಿಗೆ ಯೋಚನೆ ಶುರುವಾಗಿದೆ. ಸಂಜೆ ನಮ್ಮ ಮನೆಗೇ ಬಂದ.

ಕೂತವನು ಹವಾಮಾನದ ಬಗ್ಗೆ ಮಾತಾಡಿದ. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, "ಅಣ್ಣಾ, ಅದನ್ನ ಎಲ್ಲಿ ಮಾಡಿಸಿದ್ರಿ?" ಎಂದ. ಯಾವುದನ್ನು ಎಂದೆ. ತನ್ನಲ್ಲೇಕೆ ಮುಚ್ಚುಮರೆ, ತಾನೂ ಬಟ್ಟೆ ತೊಡಿಸುವ ಗೊಂಬೆಗಳ ನಡುವೆಯೇ ಬದುಕಿದವನು, ಇಷ್ಟು ನಾಜೂಕಿನ ಕೆಲಸ ಎಲ್ಲೂ ಕಂಡಿಲ್ಲ ಎಂದ. ಕೈಯ ನರಗಳನ್ನಂತೂ ಬಹಳ ಹೊಗಳಿದ. ಮಾವ ಅಲ್ಲಿದ್ದಾರೆ, ಮೆಲ್ಲಗೆ ಎಂದು ನಾನು ಕಣ್ಣಿನಲ್ಲೇ ಒಳಕೋಣೆಯತ್ತ ಸನ್ನೆ ಮಾಡಿದೆ. ಗೊಂಬೆಯನ್ನು ಅಲ್ಲಿಟ್ಟಿದ್ದೇನೆ ಎಂದು ತಿಳಿದು ಅವನು ದನಿ ಏರಿಸಿದ.

"ನಿಮಗೆ ಬೇಡದ ದಿನ ಒಂದೊಂದ್ಸಲ ನಮಗೂ ಕೊಡಿ ಅಣ್ಣಾ. ನಾನು ಜೋಪಾನ ಮಾಡ್ತೀನಿ. ಒಂದೇ ಮಾತು, ಬೇಜಾರು ಮಾಡ್ಕೋಬೇಡಿ. ಮಫ್ಲರ್ ಸುತ್ತಿದ್ರೂ ಗೊತ್ತಾಗುತ್ತೆ, ಸ್ವಲ್ಪ ವಯಸ್ಸಾದ ಹಾಗೆ ಮಾಡಿಬಿಟ್ಟಿದ್ದಾರೆ. ಇದಕ್ಕಿಂತ ಲಕ್ಷಣವಾದ ಮುಖ ಇರಲಿಲ್ವಾ ಅವರ ಹತ್ರ?"

ಒಳಕೋಣೆಯಲ್ಲಿ ಪತ್ರಿಕೆ ಮಡಿಸುವ ಸದ್ದಾಯಿತು. ಮಾವ ಬಾಗಿಲಲ್ಲಿ ಬಂದು ನಿಂತರು. ತಲೆನೋವೆಂದು ಅವರು ಮಫ್ಲರ್ ಸುತ್ತಿಕೊಂಡಿದ್ದರು. ದರ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ, ನಾನು ಇಲ್ಲಿಯವರೆಗೆ ಯಾವ ಮನುಷ್ಯನಲ್ಲೂ ಕಾಣದಷ್ಟು ಮೆಲ್ಲಗೆ ಎದ್ದು, ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಹೊರಟುಹೋದ.

ನೋಟಿಸನ್ನು ಜೇಬಿನಿಂದ ತೆಗೆಯದೆ ವಿಧಿಯಿರಲಿಲ್ಲ. ಮಾವ ಓದಿದರು. ಚಿತ್ರವನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣು ತಮ್ಮ ಮೇಲಲ್ಲ, ಬಾಯಿ ತೆರೆದು ಮಲಗಿದ್ದ ಮಗಳ ಮೇಲಿತ್ತು ಎಂದು ನನಗೆ ಅನ್ನಿಸಿತು. ಹೆಂಡತಿ ಲ್ಯಾಬಿನಿಂದ ಬಂದ ಮೇಲೆ ಅವಳನ್ನು ಕರೆದು, ನಾಳೆ ತಾವು ಬರುವುದಾಗಿ ಗಂಡನಿಗೆ ಹೇಳು ಎಂದರು. ಅವಳು ಚೀಲ ಕೆಳಗಿಡುವ ಮೊದಲೇ ನನಗೆ ಹೇಳಿದಳು.

ಮರುದಿನ ಅವಳು ಬಸ್ಸು ಹಿಡಿದು ಹೋಗಿಬಿಟ್ಟಳು, ಹೋಗದೆ ಇರುವಂತಿರಲಿಲ್ಲ. ಹಾಗಾಗಿ ತಗಡಿನ ಕೋಣೆಯಲ್ಲಿ ನಾನು ಮತ್ತು ಮಾವ ಮಾತು ಒಯ್ಯುವವರಿಲ್ಲದೆ ಅಕ್ಕಪಕ್ಕ ಕೂತೆವು. ಎದುರಿಗೆ ಎಂಜಿನಿಯರ್. ತಮ್ಮ ವೈರಿ ಇಲ್ಲಿ ಕೂತಿದ್ದಾರೆಂದು ಮಾವನಿಗೆ ನಾನು ಮೊದಲೇ ಹೇಳಿರಲಿಲ್ಲ, ಹೇಳುವುದು ಹೇಗೆ? ಅವರು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡರು. ಅಧ್ಯಕ್ಷರಾದವರು ತಾವು ವಿರೋಧಿಸಿದ ಲೇನಿನಲ್ಲಿ, ಅದೂ ಪುಕ್ಕಟೆ, ಓಡಾಡಿದ್ದನ್ನು ಅದನ್ನು ಹಾಕಿಸಿದವರ ಮುಂದೆಯೇ ಒಪ್ಪಿಕೊಳ್ಳಬೇಕಿತ್ತು.

ಇವರು ಮನುಷ್ಯರೆಂಬುದರಲ್ಲಿ ನನಗೆ ಅನುಮಾನವಿಲ್ಲ ಎಂದು ಎಂಜಿನಿಯರ್ ಉದಾರವಾಗಿ ಶುರು ಮಾಡಿದರು. ಚಿತ್ರ ಮುಂದಿಟ್ಟು, ಇದು ನೀವೇನಾ ಎಂದು ಕೇಳಿದರು. ಮಾವ ಮಾತಾಡಲಿಲ್ಲ. ನನ್ನ ಎದುರು ಮಾತಾಡುವುದಿಲ್ಲವೇನೋ ಎಂದು ನಾನು ಹೊರಗೆ ಹೋದೆ. ಕಿಟಕಿಯಿಂದ ನೋಡಿದರೆ ಇಬ್ಬರೂ ಹಾಗೇ ಕೂತಿದ್ದರು. ಲಾರಿಯೊಂದು ಹೋಯಿತು. ಲೋಟ ಅಂಚಿಗೆ ಬಂತು. ಇಬ್ಬರೂ ಅದನ್ನು ನೋಡಿದರು. ಎಂಜಿನಿಯರ್ ನಡುವಿಗೆ ತಳ್ಳಿದರು. ಇಡೀ ವಿಚಾರಣೆಯಲ್ಲಿ ನಡೆದದ್ದು ಇಷ್ಟೇ.

ನನ್ನನ್ನು ಒಳಗೆ ಕರೆದರು. ಚಪ್ಪಾಳೆಯ ಋಣ ಅವರಿಗೆ ನೆನಪಿತ್ತು. ಅದು ಗೊಂಬೆಯೇ ಎಂದು ಬರೆದು ಸಹಿ ಹಾಕಿದರೆ ದಂಡ ಮನ್ನಾ ಮಾಡಿಸುತ್ತೇನೆ, ಆದರೆ ಉಚಿತ ಪ್ರಯಾಣ ಮತ್ತೆ ಸಿಗದು ಎಂದರು. ಅಂದರೆ ನನ್ನ ಹೆಂಡತಿಯ ಕೆಲಸ ಅಲ್ಲಿಗೆ ಮುಗಿದಂತೆ. ನಾನು ಮಾವನ ಕಡೆ ನೋಡಿದೆ. ಅವರು ಗೋಡೆ ನೋಡುತ್ತಿದ್ದರು. ಮುದುಕರ ಬಾಯಿಂದ ಆ ಮಾತು ಎಳೆದು ತೆಗೆಯುವುದು ನನ್ನಿಂದ ಆಗದು ಅನ್ನಿಸಿತು. ಪೆನ್ನು ಎತ್ತಿಕೊಂಡೆ.

"ಪೆನ್ ಕೆಳಗಿಡು."

ಯಾರು ಮಾತಾಡಿದ್ದೆಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

"ನಿನಗೇ ಹೇಳಿದ್ದು. ಕೆಳಗಿಡು" ಎಂದರು ಮಾವ. ಆಮೇಲೆ ಎಂಜಿನಿಯರ್ ಕಡೆ ತಿರುಗಿ, ಗ್ರಂಥಾಲಯದಲ್ಲಿ ಮಾತಾಡುವಷ್ಟೇ ಮೆಲ್ಲಗೆ ಹೇಳಿದರು: "ಅದು ನಾನೇ. ಎಲ್ಲಾ ದಿನವೂ ನಾನೇ. ನನ್ನ ಮಗಳು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಬೇಕಿತ್ತು. ಬರ್ಕೊಳ್ಳಿ. ನಿಮ್ಮ ಲೇನಿಗೆ ನನ್ನ ವಿರೋಧ ಹಾಗೇ ಇದೆ, ಅದನ್ನೂ ಬರ್ಕೊಳ್ಳಿ."

ಎಂಜಿನಿಯರ್ ಎರಡನ್ನೂ ಬರೆದುಕೊಂಡರು. ಬರೆದು ಮುಗಿಸಿ, ಒಂದು ಲೋಟ ಚಹಾ ತರಿಸಲೇ ಎಂದು ಕೇಳಿದರು. ಮಾವ ಬೇಡ ಎಂದರು. ನಾಳೆಯಿಂದ ಹೋಗಬಹುದು, ಆದರೆ ದಯವಿಟ್ಟು ಕ್ಯಾಮೆರಾದ ಕೆಳಗೆ ಬಂದಾಗ ಸ್ವಲ್ಪ ಅಲ್ಲಾಡಬೇಕು, ಯಂತ್ರಕ್ಕೆ ಸಮಾಧಾನ ಬೇಕು ಎಂದು ಅವರು ಬಾಗಿಲವರೆಗೆ ಬಂದು ವಿನಂತಿಸಿದರು.

ಮರಳುವಾಗ ನಾವಿಬ್ಬರೇ. ಎರಡೇ ತಲೆ, ಹಾಗಾಗಿ ಹಳೆಯ ಲೇನು. ಮುಂದೆ ರಸ್ತೆ ರಿಪೇರಿಯಿತ್ತು, ಎಲ್ಲವೂ ನಿಂತಿತ್ತು. ಮಾವ ಮೊದಲ ಸಲ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದರು, ಟೋಪಿ ಕನ್ನಡಕ ಕೈಚೀಲದಲ್ಲಿದ್ದವು. ಮುಂದಿನ ಲಾರಿಯ ಹಿಂಭಾಗವನ್ನು ನಾವಿಬ್ಬರೂ ಎಷ್ಟೋ ಹೊತ್ತು ಓದಿದೆವು.

"ಅವತ್ತು ಆತನಿಗೆ ಯಾಕೆ ಚಪ್ಪಾಳೆ ತಟ್ಟಿದೆ?" ಎಂದು ಕೇಳಿದರು.

ಪಕ್ಕದಲ್ಲಿ ಹೆಂಡತಿ ಇದ್ದಿದ್ದರೆ ನನ್ನ ಕಾಲು ತುಳಿಯುತ್ತಿದ್ದಳು. ಇರಲಿಲ್ಲ. "ಅವರಿಗಲ್ಲ ಮಾವ, ನಿಮಗೆ ತಟ್ಟಿದ್ದು. ನಿಮ್ಮ ಭಾಷಣ ಆಗತಾನೆ ಮುಗೀತು ಅಂದ್ಕೊಂಡೆ."

ಅವರ ಮುಖ ಒಂದು ಕ್ಷಣ ಅರಳಿತು. ಆಮೇಲೆ ಅವರು ಗ್ರಂಥಪಾಲಕರ ಶಿಸ್ತಿನಿಂದ ಆ ಮಾತನ್ನು ಮತ್ತೊಮ್ಮೆ ಪರಿಶೀಲಿಸಿದರು. ನನ್ನದು ಮುಗಿದು, ಆತನದು ಶುರುವಾಗಿ, ಅದೂ ಮುಗಿಯುವವರೆಗೆ ನೀನು ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಅವರ ಮುಖದ ಮೇಲೆ ನಿಧಾನವಾಗಿ ಮೂಡುವುದನ್ನು ನಾನು ಕಂಡೆ. ಅವರು ಕೇಳಲಿಲ್ಲ. ಲಾರಿ ಒಂದು ಮಾರು ಮುಂದೆ ಹೋಗಿ ಮತ್ತೆ ನಿಂತಿತು. ಮಾವ ಕೈಚೀಲ ತೆರೆದು ಕಪ್ಪು ಕನ್ನಡಕವನ್ನು ತೆಗೆದು ಹಾಕಿಕೊಂಡರು.

ಮರುದಿನ ಬೆಳಗ್ಗೆ ಎಲ್ಲವೂ ಮೊದಲಿನಂತೆಯೇ ಇತ್ತು. ಹೆಂಡತಿ ಕೂತ ಕೂಡಲೇ ಮಲಗಿದಳು. ಹಿಂದಿನ ಸೀಟಿನ ನಡುವೆ ಟೋಪಿ, ಮಫ್ಲರ್, ಕನ್ನಡಕ. ಎಡಗಡೆ ಸಮಿತಿ ಸಾಲಾಗಿ ನಿಂತಿತ್ತು. ಕ್ಯಾಮೆರಾದ ಕಂಬ ಹತ್ತಿರವಾಯಿತು. ಇವರು ಅಲ್ಲಾಡುತ್ತಾರೋ ಇಲ್ಲವೋ ಎಂದು ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಕಂಬದ ಕೆಳಗೆ ಬಂದದ್ದೇ ತಡ, ಮಾವ ಎರಡೂ ಕೈ ಎತ್ತಿ, ಒಂದೇ ಒಂದು ಚಪ್ಪಾಳೆ ತಟ್ಟಿದರು. ಕಾರಿನೊಳಗೆ ಪಟಾಕಿ ಸಿಡಿದಂತಾಯಿತು.

ಹೆಂಡತಿ ಬೆಚ್ಚಿ ಎದ್ದು, ಲ್ಯಾಬ್ ಬಂತಾ ಎಂದು ಚೀಲ ತಡಕಿದಳು.

"ಇನ್ನೂ ಇಲ್ಲ, ನೀನು ಮಲಗು ಮಗಳೇ" ಎಂದರು ಮಾವ, ನೇರವಾಗಿ ಮುಂದೆ ನೋಡುತ್ತ. "ನಿನ್ನ ಗಂಡನಿಗೆ ಮಾತ್ರ ಹೇಳು, ಅವನು ಮಲಗೋದು ಬೇಡ ಅಂತ."